ಮೂರೆಲೆಯ ಲೆಕ್ಕ

ಯುಗಾದಿಯ ಮಾರನೆಯ ದಿನ ಹೊಸತೊಡಕು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ಕಡೆಯ ಯಾವ ಹಳ್ಳಿಗೆ ಹೋದರೂ ಆ ದಿನ ಬೆಳಿಗ್ಗೆ ಗುಡ್ಡೆ ಮಾಂಸದ ಪಾಲು. ಮಧ್ಯಾಹ್ನ ಮಾವಿನ ತೋಪಿನ ನೆರಳಿನಲ್ಲಿ ಜಮಖಾನ, ಅದರ ಸುತ್ತ ಆರೇಳು ತಲೆ, ನಡುವೆ ಇಸ್ಪೀಟಿನ ಕಟ್ಟು. ಹಬ್ಬದ ದಿನ ಒಂದು ಕೈ ಆಡದಿದ್ದರೆ ವರ್ಷವೆಲ್ಲ ಕೈ ಬರಿದು ಎಂಬ ಮಾತನ್ನು ಹಿರಿಯರೂ ಹೇಳುತ್ತಾರೆ. ಹಬ್ಬ ಒಂದು ದಿನಕ್ಕೆ ಮುಗಿದರೆ ನಮಗೂ ತಕರಾರಿಲ್ಲ. ಆದರೆ ಜಮಖಾನವನ್ನು ಸುತ್ತಿಟ್ಟ ಮೇಲೂ ಆಟ ನಿಲ್ಲುವುದಿಲ್ಲ. ಕೂಲಿ ಬಟವಾಡೆಯಾದ ಸಂಜೆ ಅದು ಮತ್ತೆ ಹಾಸುತ್ತದೆ. ಬೇರೆಯವನ ಮನೆಯಲ್ಲಿ, ಬೇರೆ ಬೆಲೆಗೆ.

ನಾವು ಈ ವಾರ ಇಸ್ಪೀಟಿನ ನಿಯಮಗಳನ್ನು ಹೇಳಿಕೊಡಲು ಹೊರಟಿದ್ದೇವೆ. ದುಡಿಯುವ ಜನರ ಪತ್ರಿಕೆಯಲ್ಲಿ ಜೂಜಿನ ಪಾಠವೇ ಎಂದು ಕೆಲವು ಮಿತ್ರರು ಹುಬ್ಬೇರಿಸಬಹುದು. ಇಸ್ಪೀಟು ಮುಟ್ಟಬೇಡಿ ಎಂದು ಉಪದೇಶ ಮಾಡುವ ಪತ್ರಿಕೆಗಳೂ ವೇದಿಕೆಗಳೂ ಸಾಕಷ್ಟಿವೆ. ಆ ಉಪದೇಶವನ್ನು ಕೇಳಿ ತಲೆದೂಗಿ ಎದ್ದು ಹೋಗಿ ಆಡಲು ಕೂತವರನ್ನೂ ನಾವು ಕಂಡಿದ್ದೇವೆ. ಬೈದದ್ದರಿಂದ ಯಾರ ಜೇಬೂ ಉಳಿಯಲಿಲ್ಲ. ಲೆಕ್ಕ ತಿಳಿದರೆ ಉಳಿಯಬಹುದು ಎಂಬುದು ನಮ್ಮ ಅಭಿಪ್ರಾಯ. ಚಿಲ್ಲರೆ ಅಂಗಡಿಯ ಸಾಹುಕಾರನ ತಕ್ಕಡಿಯನ್ನು ನಾಲ್ಕು ಸಲ ನೋಡುವ ಮನುಷ್ಯ, ಮಂಡಿಯ ದಲ್ಲಾಳಿಯೊಡನೆ ಕಮಿಷನ್ನಿನ ಕಾಸಿಗೆ ಜಗಳವಾಡುವ ಮನುಷ್ಯ, ಇಸ್ಪೀಟಿನ ಮುಂದೆ ಮಾತ್ರ ಲೆಕ್ಕವನ್ನು ಚಪ್ಪಲಿಯೊಡನೆ ಹೊರಗೆ ಬಿಟ್ಟು ಬರುತ್ತಾನೆ. ಇದೇ ನಮಗೆ ಸೋಜಿಗ.

ಇದರಲ್ಲಿ ಹೊಸದೇನೂ ಇಲ್ಲ. ಧರ್ಮರಾಯ ಜೂಜಿನಲ್ಲಿ ರಾಜ್ಯ ಸೋತ ಕಥೆ ಎಲ್ಲರಿಗೂ ಗೊತ್ತು. ಆಮೇಲೆ ಕಾಡಿನಲ್ಲಿ ನಡೆದುದನ್ನು ಕಥೆ ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಬೃಹದಶ್ವನೆಂಬ ಋಷಿ ಬಂದು ಅವನಿಗೆ ನಳನ ಕಥೆ ಹೇಳುತ್ತಾನೆ. ನಳನೂ ಜೂಜಿನಲ್ಲಿ ಸೋತವನೇ. ಅವನು ಸಾರಥಿಯಾಗಿ ರಥ ಓಡಿಸುತ್ತಿದ್ದಾಗ ಋತುಪರ್ಣ ರಾಜ ದಾರಿಯ ತಾರೆಮರವನ್ನು ನೋಡಿ ಅದರ ಎಲೆಯೆಷ್ಟು, ಕಾಯಿಯೆಷ್ಟು ಎಂದು ಎಣಿಕೆ ಹೇಳಿದನಂತೆ. ನಳ ರಥ ನಿಲ್ಲಿಸಿ ಎಣಿಸಿ ನೋಡಿದರೆ ಲೆಕ್ಕ ಸರಿ. ಆ ಎಣಿಕೆಯ ವಿದ್ಯೆಯ ಜೊತೆಗೇ ದಾಳದ ಮರ್ಮವನ್ನೂ ಅವನು ಕಲಿತ. ಕಥೆ ಮುಗಿಸಿದ ಋಷಿ ಧರ್ಮರಾಯನಿಗೂ ಅದನ್ನು ಹೇಳಿಕೊಟ್ಟ. ಸೋತವನಿಗೆ ಋಷಿ ಕೊಟ್ಟದ್ದು ಶಾಪವಲ್ಲ, ಎಣಿಕೆ. ನಾವು ಋಷಿಗಳಲ್ಲ, ಆದರೂ ಎಣಿಸಲು ಬರುತ್ತದೆ.

ಈಗ ಆಟ. ನಮ್ಮ ಕಡೆ ಹೆಚ್ಚು ನಡೆಯುವುದು ಎರಡು. ಒಂದು ಅಂದರ್ ಬಾಹರ್, ಅಂದರೆ ಒಳಗೆ ಹೊರಗೆ. ಅದಕ್ಕೆ ನಿಯಮವೇ ಇಲ್ಲವೆನ್ನಬಹುದು: ಒಂದು ಎಲೆ ಬಿಚ್ಚಿಟ್ಟು, ಅದರ ಜೋಡಿ ಒಳಗೆ ಬೀಳುತ್ತದೋ ಹೊರಗೋ ಎಂದು ಹಣ ಕಟ್ಟುವುದು. ಮೊದಲು ಎಲೆ ಬೀಳುವ ಕಡೆ ನೂರಕ್ಕೆ ಸುಮಾರು 51.5 ಸಲ ಗೆಲ್ಲುತ್ತದೆ, ಇನ್ನೊಂದು ಕಡೆ 48.5. ಕಲಿಯುವುದಕ್ಕೆ ಇದಕ್ಕಿಂತ ಹೆಚ್ಚಿಲ್ಲ. ಇನ್ನೊಂದು ತೀನ್ ಪತ್ತಿ, ಮೂರೆಲೆ. ಇದು ಪೋಕರಿನ ದಾಯಾದಿ; ಇಂಗ್ಲಿಷರ ಬ್ರ್ಯಾಗ್ ಎಂಬ ಆಟದ ಸಂತಾನ. ಇದರಲ್ಲಿ ಕಲಿಯುವುದು ಬಹಳ ಇದೆ.

ಜೋಕರುಗಳನ್ನು ತೆಗೆದಿಟ್ಟರೆ ಕಟ್ಟಿನಲ್ಲಿ 52 ಎಲೆ. ಇಸ್ಪೀಟು, ಆಟೀನು, ಡೈಮಂಡು, ಕಳಾವರು ಎಂದು ನಾಲ್ಕು ಜಾತಿ, ಜಾತಿಗೆ 13. ಎಕ್ಕ ಎಲ್ಲಕ್ಕಿಂತ ದೊಡ್ಡದು. ಆಮೇಲೆ ರಾಜ, ರಾಣಿ, ಗುಲಾಮ, ಹತ್ತು, ಹೀಗೆ ಇಳಿದು ಎರಡರವರೆಗೆ. (ಗುಲಾಮನ ಮೇಲೆ ರಾಣಿ, ರಾಣಿಯ ಮೇಲೆ ರಾಜ: ಇಸ್ಪೀಟಿನ ರಾಜ್ಯದಲ್ಲಿ ಇನ್ನೂ ಗಣರಾಜ್ಯ ಬಂದಿಲ್ಲ.) ಕೂತವರೆಲ್ಲರೂ ಮೊದಲು ಸಮನಾಗಿ ನಡುವೆ ಹಣ ಹಾಕಬೇಕು, ಇದು ಬೂಟ್. ಆಮೇಲೆ ತಲೆಗೆ ಮೂರು ಎಲೆ, ಮುಖ ಕೆಳಗೆ ಮಾಡಿ ಹಂಚುತ್ತಾರೆ. ಸರದಿ ಬಂದವನಿಗೆ ಎರಡು ದಾರಿ: ಹಣ ಹಾಕಿ ಮುಂದುವರಿಯುವುದು, ಇಲ್ಲವೇ ಪ್ಯಾಕ್ ಎಂದು ಎಲೆ ಮಡಚುವುದು. ಮಡಚಿದವನು ಅಲ್ಲಿಯವರೆಗೆ ಹಾಕಿದ ಹಣ ನಡುವೆಯೇ ಉಳಿಯುತ್ತದೆ. ಕೊನೆಗೆ ಇಬ್ಬರು ಉಳಿದಾಗ ಒಬ್ಬನು ಹಣ ಕೊಟ್ಟು ಶೋ ಕೇಳಬಹುದು. ಯಾರ ಎಲೆ ದೊಡ್ಡದೋ ಅವನಿಗೆ ನಡುವಿನ ಹಣವೆಲ್ಲ. ಎಲ್ಲರೂ ಮಡಚಿ ಒಬ್ಬನೇ ಉಳಿದರೆ ಎಲೆ ತೋರಿಸುವ ಕಾರಣವೂ ಇಲ್ಲ. ಕೈಯಲ್ಲಿ ಏನೂ ಇಲ್ಲದಿದ್ದರೂ ಹಣ ಅವನದೇ.

ಈ ಕೊನೆಯ ನಿಯಮದಲ್ಲಿಯೇ ಆಟದ ರುಚಿಯೆಲ್ಲ ಇರುವುದು. ಜಾತ್ರೆಯಲ್ಲಿ ದನದ ವ್ಯಾಪಾರ ಮಾಡುವವರು ಟವಲಿನ ಕೆಳಗೆ ಬೆರಳು ಹಿಡಿದು ಬೆಲೆ ಹೇಳುತ್ತಿದ್ದರಲ್ಲ, ಅದೇ ವಿದ್ಯೆ: ಕೈಯಲ್ಲಿರುವುದು ಕಾಣಬಾರದು, ಮುಖವೂ ಹೇಳಬಾರದು.

ಇನ್ನು ಎಲೆಗಳ ದರ್ಜೆ. ಮೂರೂ ಒಂದೇ ಇದ್ದರೆ ಟ್ರೇಲ್, ಅದೇ ಎಲ್ಲಕ್ಕಿಂತ ದೊಡ್ಡದು. ಒಂದೇ ಜಾತಿಯ ಮೂರು ಸಾಲಾಗಿ ಬಂದರೆ ಪ್ಯೂರ್ ಸೀಕ್ವೆನ್ಸ್. ಜಾತಿ ಬೇರೆಯಾಗಿ ಸಾಲಾಗಿದ್ದರೆ ಸೀಕ್ವೆನ್ಸ್. ಸಾಲಿಲ್ಲದೆ ಜಾತಿ ಮಾತ್ರ ಒಂದೇ ಆದರೆ ಕಲರ್. ಆಮೇಲೆ ಜೋಡಿ. ಏನೂ ಇಲ್ಲದಿದ್ದರೆ ದೊಡ್ಡ ಎಲೆ ಯಾರದೋ ಅವನು.

ಬಹಳ ಜನ ಇಷ್ಟನ್ನೇ ಕಲಿತು, ಆಟ ಬಂತು ಎಂದುಕೊಳ್ಳುತ್ತಾರೆ. ಆದರೆ ಎಣಿಸಿ ನೋಡಿ. 52 ಎಲೆಗಳಿಂದ ಮೂರನ್ನು 22,100 ಬಗೆಯಲ್ಲಿ ತೆಗೆಯಬಹುದು. ಅದರಲ್ಲಿ ಟ್ರೇಲ್ ಬರುವುದು 52 ಬಗೆ. ಪ್ಯೂರ್ ಸೀಕ್ವೆನ್ಸ್ 48, ಸೀಕ್ವೆನ್ಸ್ 720, ಕಲರ್ 1,096, ಜೋಡಿ 3,744. ಉಳಿದ 16,440 ಬಗೆ ಏನೂ ಇಲ್ಲದವು. ಅಂದರೆ ನಾಲ್ಕು ಸಲದಲ್ಲಿ ಹೆಚ್ಚುಕಡಮೆ ಮೂರು ಸಲ ಕೈ ಬರಿದು. ಟ್ರೇಲ್ ಕಾಯುತ್ತ ಕೂತವನಿಗೆ ಅದು ಸರಾಸರಿ 425 ಕೈಗೊಂದು ಬಂದೀತು. ಗಂಟೆಗೆ ಇಪ್ಪತ್ತು ಕೈ ಆಡಿದರೆ ಒಂದು ಟ್ರೇಲಿಗೆ ಇಪ್ಪತ್ತೊಂದು ಗಂಟೆ ಕಾಯಬೇಕು. ಅದು ಬಂದಾಗಲೂ ಉಳಿದವರೆಲ್ಲ ಮಡಚಿಬಿಟ್ಟರೆ ಸಿಗುವುದು ಬೂಟಿನ ಹಣ ಮಾತ್ರ. ಹಾಗೆಯೇ ಒಂದು ವಿಚಿತ್ರವನ್ನೂ ಗಮನಿಸಿ: ಪ್ಯೂರ್ ಸೀಕ್ವೆನ್ಸ್ 48 ಬಗೆ, ಟ್ರೇಲ್ 52. ಅಪರೂಪದ್ದು ಪ್ಯೂರ್ ಸೀಕ್ವೆನ್ಸ್, ಆದರೂ ದೊಡ್ಡದೆನಿಸಿಕೊಂಡಿರುವುದು ಟ್ರೇಲ್. ನಿಯಮ ಮಾಡಿದವರೂ ಎಣಿಸಿರಲಿಲ್ಲವೆಂದು ತೋರುತ್ತದೆ.

ಇನ್ನೊಂದು ನಿಯಮದ ಮೇಲೆ ನಮಗೆ ವಿಶೇಷ ಕೋಪ. ಎಲೆ ನೋಡದೆ ಆಡುವವನನ್ನು ಬ್ಲೈಂಡ್ ಎನ್ನುತ್ತಾರೆ. ಅವನು ಒಂದು ರೂಪಾಯಿ ಹಾಕಿದರೆ, ಎಲೆ ನೋಡಿ ಆಡುವವನು ಕನಿಷ್ಠ ಎರಡು ಹಾಕಬೇಕು. ಕಣ್ಣು ಮುಚ್ಚಿದವನಿಗೆ ಅರ್ಧ ದರ, ಕಣ್ಣು ತೆರೆದವನಿಗೆ ದಂಡ! ಇದು ಧೈರ್ಯದ ಗುರುತೆಂದು ಹೊಗಳುತ್ತಾರೆ. ನಿಜವಾಗಿ ಇದರಿಂದ ಲಾಭ ಯಾರಿಗೆ? ಎಲೆ ನೋಡಿದ್ದರೆ ನಾಲ್ವರಲ್ಲಿ ಮೂವರು ಮಡಚಿ ಎದ್ದಾರು. ನೋಡದ ಕಾರಣ ಎಲ್ಲರೂ ಉಳಿಯುತ್ತಾರೆ, ಎಲ್ಲರೂ ಹಾಕುತ್ತಾರೆ, ನಡುವಿನ ಗುಡ್ಡೆ ಬೆಳೆಯುತ್ತದೆ. ಗುಡ್ಡೆ ಬೆಳೆದಷ್ಟೂ ಸಂತೋಷಪಡುವವನು ಒಬ್ಬನಿದ್ದಾನೆ. ಅವನು ಆಡುತ್ತಿಲ್ಲ. ಬಾಗಿಲ ಬಳಿ ಕೂತು ಟೀ ತರಿಸಿಕೊಡುತ್ತಿದ್ದಾನೆ.

ಅವನೇ ಮನೆಯ ಯಜಮಾನ. ಅವನ ನಿಯಮವನ್ನು ಆಟ ಕಲಿಸುವ ಯಾರೂ ಹೇಳುವುದಿಲ್ಲ. ಪ್ರತಿ ಗುಡ್ಡೆಯಿಂದ ನೂರಕ್ಕೆ ಇಷ್ಟು ಎಂದು ಅವನ ಪಾಲು ಮೊದಲೇ ಹೋಗುತ್ತದೆ. ಲೆಕ್ಕಕ್ಕಾಗಿ ನೂರಕ್ಕೆ ಐದು ಎಂದಿಟ್ಟುಕೊಳ್ಳೋಣ. ಐದು ಜನ ತಲೆಗೆ 500 ರೂಪಾಯಿ ಹಿಡಿದು ಕೂತರು, ಒಟ್ಟು 2,500. ಗುಡ್ಡೆ ಸರಾಸರಿ ನೂರು ರೂಪಾಯಿ, ಗಂಟೆಗೆ ಇಪ್ಪತ್ತು ಕೈ. ಯಜಮಾನನ ಡಬ್ಬಿಗೆ ಗಂಟೆಗೆ ನೂರು ರೂಪಾಯಿ ಬಿತ್ತು. ರಾತ್ರಿ ಎಂಟಕ್ಕೆ ಕೂತು ಬೆಳಿಗ್ಗೆ ಆರಕ್ಕೆ ಎದ್ದರೆ ಸಾವಿರ. ಐವರಲ್ಲಿ ಇಬ್ಬರ ಪೂರ್ತಿ ಗಂಟು! ಯಾರೂ ಮೋಸ ಮಾಡಲಿಲ್ಲ, ಎಲೆಗೆ ಗುರುತು ಹಾಕಲಿಲ್ಲ, ಅದೃಷ್ಟ ಎಲ್ಲರಿಗೂ ಸಮನಾಗಿಯೇ ಇತ್ತು ಎಂದುಕೊಂಡರೂ ಬೆಳಗಿನ ಹೊತ್ತಿಗೆ ತಲೆಗೆ ಉಳಿಯುವುದು 300. ಸೋತವನು ಗೆದ್ದವನ ಮುಖ ನೋಡಿ ಹಲ್ಲು ಕಡಿಯುತ್ತಾನೆ. ಗೆದ್ದವನೂ ತನಗೆ ಬರಬೇಕಾದುದಕ್ಕಿಂತ ಕಡಮೆ ಗೆದ್ದಿದ್ದಾನೆ ಎಂಬುದು ಇಬ್ಬರಿಗೂ ತಿಳಿಯದು. ಮತ್ತೆ ಕೂರಲು ಹಣವಿಲ್ಲದವನಿಗೆ ಅಲ್ಲೇ ಬಡ್ಡಿಗೆ ಕೊಡುವವನೂ ಸಿಗುತ್ತಾನೆ. ಬಹುಮಟ್ಟಿಗೆ ಅವನು ಟೀ ತರಿಸಿಕೊಟ್ಟವನ ನೆಂಟನೇ ಆಗಿರುತ್ತಾನೆ.

ರಾಮದೇವರ ಬೆಟ್ಟದ ಬಂಡೆಗಳ ನಡುವೆ ಶೋಲೆ ಚಿತ್ರ ತೆಗೆದುದನ್ನು ನೋಡಿದ ಹಿರಿಯರು ಇನ್ನೂ ರಾಮನಗರದಲ್ಲಿದ್ದಾರೆ. 1975ರ ಆಗಸ್ಟ್ 15ರಂದು ತೆರೆಗೆ ಬಂದ ಆ ಚಿತ್ರದಲ್ಲಿ ಜೈ ಎಂಬವನು ಪ್ರತಿ ಸಲವೂ ನಾಣ್ಯ ಚಿಮ್ಮಿ ತೀರ್ಮಾನ ಮಾಡುತ್ತಾನೆ. ಅವನು ಸತ್ತ ಮೇಲೆ ಗೆಳೆಯ ನಾಣ್ಯ ತೆಗೆದು ನೋಡಿದರೆ ಎರಡು ಕಡೆಯೂ ಒಂದೇ ಮುಖ. ಜೂಜಿನ ಮೋಸವೆಂದರೆ ನಮ್ಮ ಜನ ಇಂಥ ನಾಣ್ಯವನ್ನೇ ಹುಡುಕುತ್ತಾರೆ. ನಾಣ್ಯ ಸರಿಯಾಗಿಯೇ ಇದೆ ಸ್ವಾಮಿ. ಚಿಮ್ಮಿದ ಪ್ರತಿ ಸಲಕ್ಕೂ ಬಾಡಿಗೆ ಕೊಡುತ್ತಿದ್ದೇವೆ, ಅಷ್ಟೆ.

ಈಗ ಪೋಕರಿನ ವಿಷಯ. ಬೆಂಗಳೂರಿನ ಕ್ಲಬ್ಬುಗಳಲ್ಲಿ ಆಡುವ, ಮೊಬೈಲಿನ ಮೂಲಕ ನಮ್ಮ ಬಿಡದಿಯ ಕಾರ್ಖಾನೆಗಳ ಹುಡುಗರವರೆಗೂ ಬಂದ ಟೆಕ್ಸಾಸ್ ಹೋಲ್ಡೆಮ್‌ನಲ್ಲಿ ತಲೆಗೆ ಎರಡೇ ಎಲೆ ಗುಟ್ಟು. ಐದು ಎಲೆ ಎಲ್ಲರಿಗೂ ಸೇರಿ ಮೇಜಿನ ಮೇಲೆ ಬಿಚ್ಚುತ್ತಾರೆ: ಮೊದಲು ಮೂರು, ಆಮೇಲೆ ಒಂದು, ಆಮೇಲೆ ಇನ್ನೊಂದು. ಒಟ್ಟು ಏಳರಲ್ಲಿ ಒಳ್ಳೆಯ ಐದನ್ನು ಆರಿಸಿಕೊಳ್ಳಬೇಕು. ನಾಲ್ಕು ಸುತ್ತು ಹಣ ಹಾಕುವ ಅವಕಾಶ. ಮೂರೆಲೆ ಆಡಿ ಪಳಗಿದವನು ಇಲ್ಲಿ ಮೊದಲ ದಿನವೇ ಎಡವುವುದು ಒಂದು ಕಡೆ. ಮೂರೆಲೆಯಲ್ಲಿ ಕಲರಿಗಿಂತ ಸೀಕ್ವೆನ್ಸ್ ದೊಡ್ಡದು. ಪೋಕರಿನಲ್ಲಿ ಸೀಕ್ವೆನ್ಸಿಗಿಂತ ಕಲರ್ ದೊಡ್ಡದು. ಕಾರಣ ಎಣಿಕೆಯೇ. ಐದು ಎಲೆಯ 25,98,960 ಬಗೆಗಳಲ್ಲಿ ಬರಿಯ ಸಾಲು 10,200 ಇದ್ದರೆ ಬರಿಯ ಕಲರ್ 5,108 ಮಾತ್ರ. ಇಲ್ಲಿ ನಿಯಮ ಮಾಡಿದವರು ಎಣಿಸಿದ್ದಾರೆ.

ಪೋಕರಿನಲ್ಲಿ ಬುದ್ಧಿಗೆ ಕೆಲಸ ಹೆಚ್ಚು ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಎಲ್ಲರಿಗೂ ಕಾಣುವ ಐದು ಎಲೆಗಳಿಂದ ಎದುರಿನವನ ಕೈಯನ್ನು ಊಹಿಸಬಹುದು; ಬಹಳ ದಿನ ಆಡಿದರೆ ಜಾಣನು ಪೆದ್ದನಿಂದ ಗೆಲ್ಲುತ್ತಾನೆ. ಆದರೆ ಮೇಜಿನ ಪಾಲು ಅಲ್ಲಿಯೂ ಉಂಟು. ಜಾಣನು ಪೆದ್ದನನ್ನು ಗೆದ್ದರೆ ಸಾಲದು, ಆ ಪಾಲನ್ನೂ ಮೀರಿ ಗೆಲ್ಲಬೇಕು. ದಿನಕ್ಕೆ ಎಂಟು ಗಂಟೆ ಮಗ್ಗದ ಮುಂದೆ ನಿಂತು ಬಂದವನು, ರಾತ್ರಿ ಹನ್ನೊಂದಕ್ಕೆ ಮೊಬೈಲು ಹಿಡಿದು, ಬೆಳಗಿನಿಂದ ಅದೇ ಕಸುಬು ಮಾಡುವವನ ಮುಂದೆ ಜಾಣನಾಗಿ ಉಳಿಯುತ್ತಾನೆಯೇ?

ಈ ಕೌಶಲ್ಯ, ಅದೃಷ್ಟ ಎಂಬ ಭೇದವನ್ನು ನ್ಯಾಯಾಲಯಗಳು ಅರುವತ್ತು ವರ್ಷದಿಂದ ಅಳೆಯುತ್ತಿವೆ. 1967ರ ನವೆಂಬರಿನಲ್ಲಿ ಸಿಕಂದರಾಬಾದಿನ ಒಂದು ಕ್ಲಬ್ಬಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ರಮ್ಮಿಯನ್ನು ಮುಖ್ಯವಾಗಿ ಕೌಶಲ್ಯದ ಆಟವೆಂದಿತು. ಬಿದ್ದ ಎಲೆ ನೆನಪಿಡಬೇಕು, ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂದು ತಿಳಿಯಬೇಕು ಎಂದು. ಅದೇ ತೀರ್ಪಿನಲ್ಲಿ ಮೂರೆಲೆಯನ್ನು ಬರಿಯ ಅದೃಷ್ಟದ ಆಟವೆಂದಿತು. ಇಷ್ಟನ್ನು ಎಲ್ಲ ವಕೀಲರೂ ಹೇಳುತ್ತಾರೆ. ಅದರಲ್ಲಿ ಇನ್ನೊಂದು ಮಾತೂ ಇದೆ: ಪಣವಿಟ್ಟು ಆಡುವ ಆಟದಿಂದ ಮನೆಯ ಅಥವಾ ಕ್ಲಬ್ಬಿನ ಯಜಮಾನ ಲಾಭ ಮಾಡುತ್ತಿದ್ದರೆ, ಆಟ ರಮ್ಮಿಯೇ ಆದರೂ ಅಪರಾಧವಾಗಬಹುದು ಎಂದು. ನಮ್ಮ ಅಭಿಪ್ರಾಯದಲ್ಲಿ ಇಡೀ ತೀರ್ಪಿನ ತಿರುಳು ಅದು. ಆಟ ಯಾವುದು ಎಂದು ಕೇಳುವುದಕ್ಕಿಂತ ಡಬ್ಬಿ ಯಾರದು ಎಂದು ಕೇಳಬೇಕಾಗಿತ್ತು. ಆಮೇಲಿನವರು ಕೇಳಿದ್ದು ಮೊದಲಿನದನ್ನೇ ಹೆಚ್ಚು.

1996ರಲ್ಲಿ ಮದರಾಸಿನ ರೇಸ್ ಕ್ಲಬ್ಬಿನ ಮೊಕದ್ದಮೆಯಲ್ಲಿ ಕುದುರೆ ಜೂಜು ಕೂಡ ಕೌಶಲ್ಯವೆಂದಾಯಿತು. 2013ರಲ್ಲಿ ನಮ್ಮ ಹೈಕೋರ್ಟು ಪೋಕರನ್ನು ಕೌಶಲ್ಯದ ಆಟವಾಗಿ ಆಡುವುದಕ್ಕೆ ಲೈಸೆನ್ಸು ಬೇಡವೆಂದಿತು. 2021ರ ಅಕ್ಟೋಬರಿನಲ್ಲಿ ಕರ್ನಾಟಕ ಸರ್ಕಾರ 1963ರ ಪೊಲೀಸ್ ಕಾಯಿದೆಯನ್ನು ತಿದ್ದಿ ಮೊಬೈಲಿನ ಹಣದಾಟಗಳನ್ನೆಲ್ಲ ಅಪರಾಧ ಮಾಡಿತು. 2022ರ ಫೆಬ್ರವರಿ 14ರಂದು ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ತಳ್ಳಿಹಾಕಿತು. 2025ರ ಆಗಸ್ಟಿನಲ್ಲಿ ಪಾರ್ಲಿಮೆಂಟು ಆನ್‌ಲೈನ್ ಹಣದಾಟಗಳನ್ನು ಇಡೀ ದೇಶದಲ್ಲಿ ನಿಷೇಧಿಸುವ ಕಾನೂನು ಮಾಡಿತು. ಈ ಸಲ ಕೌಶಲ್ಯವೋ ಅದೃಷ್ಟವೋ ಎಂಬ ಪ್ರಶ್ನೆಯನ್ನೇ ಬದಿಗಿಟ್ಟಿದ್ದಾರೆ. ಆಟ ನಡೆಸುವವನಿಗೆ ಮೂರು ವರ್ಷದವರೆಗೆ ಸೆರೆ, ಒಂದು ಕೋಟಿಯವರೆಗೆ ದಂಡ, ಆಡಿದವನಿಗೆ ಶಿಕ್ಷೆಯಿಲ್ಲ. ಕಂಪನಿಗಳು ಕೋರ್ಟಿಗೆ ಹೋದುವು. ವರ್ಷಕ್ಕೆ 45 ಕೋಟಿ ಜನ ಸುಮಾರು 20,000 ಕೋಟಿ ರೂಪಾಯಿ ಕಳೆದುಕೊಳ್ಳುತ್ತಿದ್ದಾರೆಂದು ಸರ್ಕಾರದ ಕಡೆಯವರೇ ಆಗ ಅಂದಾಜು ಹೇಳಿದರು.

ನಡೆಸುವವನನ್ನು ಹಿಡಿದು ಆಡಿದವನನ್ನು ಬಿಡುವ ಈ ದಾರಿ ಸರಿಯಾದುದು ಎಂದು ನಾವು ಹೇಳುತ್ತೇವೆ. ಆದರೆ ಇದಕ್ಕೆ ಎರಡು ವರ್ಷ ಮುಂಚೆ, 2023ರ ಅಕ್ಟೋಬರ್ 1ರಿಂದ, ಇದೇ ಆಟಗಳಿಗೆ ಹಾಕಿದ ಪೂರ್ತಿ ಹಣದ ಮೇಲೆ ನೂರಕ್ಕೆ 28ರಂತೆ ತೆರಿಗೆ ಎತ್ತುತ್ತಿದ್ದುದೂ ಸರ್ಕಾರವೇ. ಅಷ್ಟು ದಿನ ಮೇಜಿಗೆ ಇಬ್ಬರು ಯಜಮಾನರಿದ್ದರು ಎನ್ನಬೇಕು. ಲಾಟರಿಯ ಕಾಲ ನೆನಪಿರುವವರಿಗೆ ಇದು ಹೊಸದಾಗಿ ಕಾಣದು. ರಾಮನಗರದ ಶಾಸಕರೇ ಮುಖ್ಯಮಂತ್ರಿಗಳಾಗಿದ್ದ 2007ರಲ್ಲಿ ರಾಜ್ಯದಲ್ಲಿ ಲಾಟರಿ ನಿಂತಿತು. ಅದಕ್ಕೆ ಮುಂಚೆ ಟಿಕೆಟ್ಟಿನ ಮೇಲೆ ಇದ್ದುದು ಸರ್ಕಾರದ ಮೊಹರೇ.

ನೆಲದ ಮೇಲಿನ ಆಟಕ್ಕೆ ಮಾತ್ರ ಹಳೆಯ ಪೊಲೀಸ್ ಕಾಯಿದೆಯೇ ಉಳಿದಿದೆ. ಅದರ ಪ್ರಕಾರ ಹಿಡಿಯಲು ಸುಲಭವಾಗುವವನು ಯಾರು? ಜೂಜಿನ ಮನೆ ನಡೆಸುವವನಿಗೂ ಅಲ್ಲಿ ಸಿಕ್ಕವನಿಗೂ 79, 80ನೇ ಕಲಮುಗಳಿವೆ. ಬಯಲಿನಲ್ಲಿ ಕೂತು ಆಡಿದವನಿಗೆ 87ನೇ ಕಲಮು. ಪತ್ರಿಕೆಗಳಲ್ಲಿ ಬರುವ ಸುದ್ದಿಯನ್ನು ನೋಡುತ್ತ ಬನ್ನಿ: ತೋಪಿನಲ್ಲಿ, ಕೆರೆಯ ಏರಿಯ ಹಿಂದೆ, ಅಂದರ್ ಬಾಹರ್ ಆಡುತ್ತಿದ್ದ ಇಷ್ಟು ಮಂದಿ, ಪಣಕ್ಕಿಟ್ಟಿದ್ದ ಇಷ್ಟು ರೂಪಾಯಿ, ಒಂದು ಕಟ್ಟು ಇಸ್ಪೀಟು, ಒಂದು ಪ್ಲಾಸ್ಟಿಕ್ ಚೀಲ ವಶ. ಗೋಡೆ, ಬಾಗಿಲು, ಕಾವಲುಗಾರ, ಹವಾನಿಯಂತ್ರಣ ಇರುವ ಕಡೆ ಆಡಿದವರ ಸುದ್ದಿ ಅಷ್ಟು ಸಲ ಬರುವುದಿಲ್ಲ. ಎಲೆ ಎರಡು ಕಡೆಯೂ 52.

ಆದುದರಿಂದ ಕಾನೂನು ಬಂತು, ಇನ್ನು ನಮಗೆ ಲೆಕ್ಕದ ಗೊಡವೆ ಬೇಡ ಎನ್ನುವಂತಿಲ್ಲ. ಕಾನೂನು ಮುಚ್ಚಿದ್ದು ಅಂಗಡಿಯನ್ನು, ಆಸೆಯನ್ನಲ್ಲ. ಕದ್ದು ನಡೆಯುವ ಆಟದಲ್ಲಿ ಮೇಜಿನ ಪಾಲು ಎಷ್ಟು ಎಂದು ಕೇಳಿದರೆ ಉತ್ತರವೂ ಸಿಗದು. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಈಗ ಇ-ಹರಾಜು ನಡೆಯುತ್ತದೆ. ಲಾಟಿನ ಬೆಲೆಯೆಷ್ಟು, ತೂಕವೆಷ್ಟು ಎಂಬುದು ರೈತನಿಗೂ ರೀಲರಿಗೂ ತಿಳಿಯುತ್ತದೆ. ಇಷ್ಟು ಲೆಕ್ಕ ಕೇಳಿ ತಂದ ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ, ಎಳೆ ತೆಗೆದು, ಬೆರಳು ಬಿಳಿಚಿಕೊಂಡು ಹೆಣ್ಣುಮಕ್ಕಳು ದುಡಿದ ಕೂಲಿ, ರಾತ್ರಿ ಮನೆಯವನ ಜೇಬಿನಿಂದ ಲೆಕ್ಕವಿಲ್ಲದ ಡಬ್ಬಿಗೆ ಬೀಳುತ್ತದೆ. ಆ ಹೆಣ್ಣುಮಕ್ಕಳಿಗೂ ಈ 22,100ರ ಲೆಕ್ಕ ಗೊತ್ತಿರಬೇಕು. ಇಸ್ಪೀಟು ಗಂಡಸರ ವಿದ್ಯೆಯೆಂದು ಅವರನ್ನು ದೂರ ಇಟ್ಟಿರುವುದು ಗಂಡಸರಿಗೆ ಬಹಳ ಅನುಕೂಲವಾಗಿದೆ.

ನಾವು ಒಂದು ಪ್ರಯೋಗ ಹೇಳುತ್ತೇವೆ. ಸಂಘದ ಕಚೇರಿಯಲ್ಲಿಯೋ, ಅಂಗಡಿ ಮುಚ್ಚಿದ ಮೇಲೆ ಜಗಲಿಯಲ್ಲಿಯೋ ಐದು ಜನ ಕೂರಿ. ಹಣ ಬೇಡ. ತಲೆಗೆ ನೂರು ಹುಣಸೆ ಬೀಜ ಎಣಿಸಿಕೊಳ್ಳಿ. ಮೇಲೆ ಹೇಳಿದ ದರ್ಜೆಯನ್ನು ಒಂದು ಹಲಗೆಯ ಮೇಲೆ ಬರೆದಿಡಿ. ಪಕ್ಕದಲ್ಲಿ ಎಷ್ಟು ಬಗೆಯೆಂಬ ಸಂಖ್ಯೆಯನ್ನೂ ಬರೆಯಿರಿ. ಬ್ಲೈಂಡ್ ಆಡಿ, ನೋಡಿ ಆಡಿ, ಸುಳ್ಳು ಹೇಳಿ, ನಗಿ. ಗೆದ್ದವನು ಗುಡ್ಡೆ ಎಳೆದುಕೊಳ್ಳುವ ಮುಂಚೆ ಪ್ರತಿ ಇಪ್ಪತ್ತು ಬೀಜಕ್ಕೆ ಒಂದನ್ನು ಒಂದು ಖಾಲಿ ಡಬ್ಬಿಗೆ ಹಾಕಲಿ. ಡಬ್ಬಿಯನ್ನು ಮನೆಯ ಹುಡುಗಿಯೊಬ್ಬಳ ಕೈಗೆ ಕೊಡಿ. ಅವಳು ಆಡುವುದು ಬೇಡ, ಡಬ್ಬಿ ಹಿಡಿದು ಕೂತರೆ ಸಾಕು. ನಾಲ್ಕು ಸಂಜೆ ಹೀಗೆ ಆಡಿ. ಐದನೆಯ ಸಂಜೆ ಎಲೆ ಹಂಚುವ ಮುಂಚೆ ಅವಳಿಗೆ ಡಬ್ಬಿ ಸುರಿದು ಎಣಿಸಲು ಹೇಳಿ, ಆಮೇಲೆ ನಿಮ್ಮ ನಿಮ್ಮ ಮುಂದೆ ಉಳಿದ ಬೀಜಗಳನ್ನು ಎಣಿಸಿಕೊಳ್ಳಿ.